ಹವಾಲ್ದಾರರ ಕಟ್ಟೆಯ ಮೇಲೆ ನನ್ನ ಮೆಣಸು

ಖಾಲಿ ಬಿದ್ದಿರುವ ಬಿಸಿಲನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಇದು ಕಾಯಿಲೆಯೋ ಕಸುಬೋ ಇನ್ನೂ ತೀರ್ಮಾನವಾಗಿಲ್ಲ. ಬಯಲುಸೀಮೆಯವರಿಗೆ ಇದು ಅರ್ಥವಾಗುವುದು ಕಷ್ಟ. ಅವರು ಬಿಸಿಲಿಗೆ ಕೊಡೆ ಹಿಡಿಯುವ ಜನ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಸಿಲ್ವರ್ ಮರಗಳ ನೆರಳಿನಲ್ಲಿ ಎರಡೆಕರೆ ಕಾಫಿ ಇಟ್ಟುಕೊಂಡ ನಮ್ಮಂಥವರು ಬಿಸಿಲು ಬಿದ್ದ ಕಡೆ ಓಡಿಹೋಗಿ ಏನನ್ನಾದರೂ ಹರವಿಬಿಡುತ್ತೇವೆ. ಶಾಲೆಯ ಜಗಲಿ, ಬಸ್ ಸ್ಟಾಂಡಿನ ತಾರಸಿ, ಟಾರು ರಸ್ತೆಯ ಅಂಚು, ಯಾವುದನ್ನೂ ಬಿಟ್ಟವರಲ್ಲ. ಕೆಟ್ಟು ನಿಂತ ಜೀಪಿನ ಬಾನೆಟ್ಟಿನ ಮೇಲೆ ಏಲಕ್ಕಿ ಒಣಗಿಸಿದವರೊಬ್ಬರು ನನಗೆ ಗೊತ್ತು. ಅವರು ನನ್ನ ಹೆಂಡತಿಯ ಅಣ್ಣ, ಆದ್ದರಿಂದ ಹೆಸರು ಹೇಳುವುದಿಲ್ಲ. ಆದರೆ ನಾನು ಮೆಣಸು ಹರವಿದ ಜಾಗದ ಮುಂದೆ ಅವರ ಜೀಪು ಏನೇನೂ ಅಲ್ಲ.

ನಮ್ಮೂರಿನ ತಿರುವಿನಲ್ಲಿ, ನಮ್ಮ ಮನೆಯ ಎದುರಿಗೇ, ಹವಾಲ್ದಾರ್ ನಾಗೇಶನ ಸ್ಮಾರಕವಿದೆ: ಒಂದು ಕಟ್ಟೆ, ಅದರ ಮೇಲೆ ಅವನ ಹೆಸರು ಕೆತ್ತಿದ ಕಲ್ಲು. ಗಡಿಯಲ್ಲಿ ಜೊತೆಯವರಿಬ್ಬರನ್ನು ಉಳಿಸಿ ತಾನು ಉಳಿಯದೆ ಹೋದವನು. ಶೌರ್ಯ ಪದಕ ಆಮೇಲೆ ಬಂತು. ಹೈಸ್ಕೂಲಿನಲ್ಲಿ ಅವನಿಗೆ ಪಾಠ ಹೇಳಿದ ಮೇಷ್ಟ್ರು ನಾನು. ಸ್ಮಾರಕ ಸಮಿತಿಯ ಕಾರ್ಯದರ್ಶಿಯೂ ನಾನೇ. ಕಟ್ಟೆ ಹತ್ತಡಿ ಸಾಕು ಎಂದವರೊಡನೆ ಜಗಳವಾಡಿ ಇಪ್ಪತ್ತಡಿ ಮಾಡಿಸಿದೆ. ಅದರ ಮೇಲೆ ಒಂದೆಲೆಯ ನೆರಳೂ ಬೀಳಬಾರದೆಂದು ಎರಡು ಸಿಲ್ವರ್ ಮರ ಕಡಿಸಿದೆ. ಮೇಲೆ ನುಣ್ಣಗೆ ಸಿಮೆಂಟು ಬಳಿಸಿದೆ. ಆಗ ನನ್ನ ಮನಸ್ಸಿನಲ್ಲಿದ್ದದ್ದು ನಾಗೇಶನ ಗೌರವವೊಂದೇ, ದೇವರಾಣೆ. ಈಗ ಇದನ್ನು ನನ್ನ ಹೆಂಡತಿಯೂ ನಂಬುವುದಿಲ್ಲ.

ಮೊದಲನೆಯ ವರ್ಷ ಒಂದೇ ಒಂದು ದಿನಕ್ಕೆಂದು ಹರವಿದ್ದು. ನಮ್ಮ ಅಂಗಳಕ್ಕೆ ಬಿಸಿಲು ಬರುವುದು ಹನ್ನೊಂದಕ್ಕೆ, ಹೋಗುವುದು ಒಂದಕ್ಕೆ. ಅಷ್ಟರಲ್ಲಿ ಮೆಣಸು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. "ಅಲ್ಲಿ ಬೇಡ ಅಂದ್ರೆ ಬೇಡ," ಎಂದಳು ಹೆಂಡತಿ. "ನಾಗೇಶ ನಮ್ಮ ಹುಡುಗ ಮಾರಾಯ್ತಿ, ಅವನೇನು ಬೇಜಾರು ಮಾಡ್ಕೊಳ್ಳಲ್ಲ," ಎಂದೆ. ಒಂದು ದಿನ ಹೋಗಿ ಒಂದು ವಾರವಾಯಿತು, ಆಮೇಲೆ ಪ್ರತಿವರ್ಷದ ಪದ್ಧತಿಯಾಯಿತು. ಎರಡು ರಾಷ್ಟ್ರೀಯ ಹಬ್ಬ ಮತ್ತು ಅವನ ಪುಣ್ಯತಿಥಿ, ಈ ಮೂರು ದಿನ ಕಟ್ಟೆ ತೊಳೆದು ಹೂವಿಟ್ಟು ಭಾಷಣ ಮಾಡುತ್ತಿದ್ದೆ. ಉಳಿದಂತೆ ಅದು ನನ್ನ ಕಣ. "ಮಿಲಿಟರಿ ಕಾವಲು ಇದೆಯಲ್ಲ ಮೇಷ್ಟ್ರೇ, ಇನ್ನೇನು ಭಯ!" ಎಂದು ಪಕ್ಕದ ಅಂಗಡಿಯ ಶಿವಣ್ಣ ನಗುತ್ತಿದ್ದ. ನಾನೂ ನಕ್ಕಿದ್ದೇನೆ. ಹಾಗೆ ನಕ್ಕಿದ್ದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಕಳೆದ ಮಾರ್ಚಿನ ಒಂದು ಮಧ್ಯಾಹ್ನ. ಊಟ ಮಾಡಿ ಒರಗಿದ್ದೆ. ಗುಡುಗಿನ ಸದ್ದಿಗೆ ಎಚ್ಚರವಾಗುವ ಹೊತ್ತಿಗೆ ದಪ್ಪ ಹನಿ ಬೀಳುತ್ತಿತ್ತು. ಕಾಫಿ ಹೂವಿಗೆ ಬೇಕಾದ ಮಳೆ ನನ್ನ ಮೆಣಸಿಗೆ ಬೇಡವಾಗಿತ್ತು. ಪಂಚೆ ಎತ್ತಿ ಕಟ್ಟಿ ಓಡಿದೆ. ಹೋಗಿ ನೋಡಿದರೆ ಯಾರೋ ಹೆಂಗಸು ಮೆಣಸನ್ನೆಲ್ಲ ಬರಿಗೈಯಲ್ಲಿ ಬಳಿದು ಕಲ್ಲಿನ ಬುಡಕ್ಕೇ ಗುಡ್ಡೆ ಮಾಡಿ, ಕಲ್ಲಿನ ಹಿಂದೆ ನಾನು ಮಡಿಸಿಟ್ಟಿದ್ದ ಟಾರ್ಪಾಲನ್ನು ಅದರ ಮೇಲೆ ಎಳೆಯುತ್ತಿದ್ದರು. ತೋಳಿನಲ್ಲಿ ಸೇವಂತಿಗೆ ಹಾರ. ಮುಖ ಎತ್ತಿದಾಗ ಗುರುತು ಸಿಕ್ಕಿತು. ನಾಗೇಶನ ಹೆಂಡತಿ ಸರೋಜಮ್ಮ. ಮೂಡಿಗೆರೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ, ತವರು ಮೆಣಸು ಬೆಳೆಯುವ ಜಾವಳಿ; ಮಳೆಗೆ ಸಿಕ್ಕ ಮೆಣಸಿನ ಗತಿ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬನ್ನಿ ಬನ್ನಿ ಮೇಷ್ಟ್ರೇ, ಆ ತುದಿ ಹಿಡ್ಕೊಳಿ!"

ಹಿಡಿದುಕೊಂಡೆ. ಹಿಡಿದ ಮೂಲೆಯಲ್ಲಿ ನನ್ನ ಹೆಸರನ್ನು ಬಿಳಿ ಪೇಂಟಿನಲ್ಲಿ ಗೇಣುದ್ದ ಬರೆಸಿದ್ದೆ. ತಕ್ಷಣ ಅದರ ಮೇಲೆ ಎರಡೂ ಕಾಲಿಟ್ಟು ನಿಂತೆ. ಮಳೆ ನಿಲ್ಲುವವರೆಗೆ ಅಲ್ಲಿಂದ ಕದಲಲಿಲ್ಲ.

"ಇವತ್ತು ಇವ್ರು ಹುಟ್ಟಿದ ದಿನ," ಎಂದರು ಸರೋಜಮ್ಮ. "ಹಾರ ಹಾಕಿ ಹೋಗೋಣ ಅಂತ ಬಂದೆ. ಮೆಣಸು ತುಳೀಬಾರ್ದಲ್ಲ, ಯಾರಾದ್ರೂ ಬಂದು ದಾರಿ ಮಾಡ್ಲಿ ಅಂತ ಕೆಳಗೇ ನಿಂತಿದ್ದೆ. ಅಷ್ಟ್ರಲ್ಲಿ ಮಳೆ. ಯಾರ್ದು ಇದು?"

ಹುಟ್ಟಿದ ದಿನ ಕಲ್ಲಿನ ಮೇಲೆಯೇ ಕೆತ್ತಿದೆ. ಕೆತ್ತಿಸುವ ಮುಂಚೆ ಮೂರು ಸಲ ಓದಿ ತಿದ್ದಿಕೊಟ್ಟವನು ನಾನೇ.

"ಯಾರೋ ಗೊತ್ತಿಲ್ಲಮ್ಮ," ಎಂದೆ. ಅಷ್ಟಕ್ಕೇ ಬಿಡಬೇಕಿತ್ತು. "ಸ್ಮಾರಕದ ಮೇಲೆ ಹರವಿದ್ದಾರಲ್ಲ, ಮರ್ಯಾದೆ ಇಲ್ಲದವರು!" ಎಂದೂ ಸೇರಿಸಿದೆ.

"ಹಾಗನ್ಬೇಡಿ ಮೇಷ್ಟ್ರೇ. ಅಂಗಳದಲ್ಲಿ ಬಿಸಿಲು ಇಲ್ಲದೋರು ಇನ್ನೆಲ್ಲಿ ಹೋಗ್ತಾರೆ ಪಾಪ? ಇವ್ರು ಇದ್ದಿದ್ರೂ ಬೇಡ ಅಂತಿರ್ಲಿಲ್ಲ."

ಒಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಆದರೆ ಮೆಣಸು ನನ್ನದು ಎಂದರೆ ಮರ್ಯಾದೆ ಇಲ್ಲದವನೂ ನಾನೇ ಎಂದಾಗುತ್ತಿತ್ತು. ಹೆಸರಿನ ಮೇಲೆ ಕಾಲನ್ನು ಇನ್ನಷ್ಟು ಊರಿದೆ. ಮಳೆ ನಿಂತಿತು. ಕೆಳಗಿನ ತಿರುವಿನಲ್ಲಿ ಮೂಡಿಗೆರೆ ಬಸ್ಸಿನ ಹಾರ್ನ್ ಕೇಳಿಸಿತು. ಅದು ಬಿಟ್ಟರೆ ಆ ದಿನ ಬೇರೆ ಬಸ್ಸಿಲ್ಲ. ಸರೋಜಮ್ಮ ಕದಲಲೇ ಇಲ್ಲ. ಇದರ ಯಜಮಾನರು ಬರುವವರೆಗೆ ಕೂತಿರುತ್ತೇನೆ, ಯಾರಾದರೂ ಬಾಚಿಕೊಂಡು ಹೋದರೆ ಏನು ಗತಿ ಎಂದರು. ನನ್ನ ಮೆಣಸನ್ನು ನನ್ನಿಂದಲೇ ಕಾಯಲು ಆಕೆ ಬಸ್ಸು ಬಿಡಲು ತಯಾರಾಗಿದ್ದರು.

"ನೀವು ಹೊರಡಿ ಸರೋಜಮ್ಮ. ನಾನು ಕಾಯ್ತೀನಿ."

ಆಕೆ ಕೈ ಮುಗಿದರು. ಮೆಣಸು ತೆಗೆದ ಮೇಲೆ ಇದನ್ನು ಇವರಿಗೆ ಹಾಕಿಬಿಡಿ ಎಂದು ಒದ್ದೆ ಹಾರವನ್ನು ನನ್ನ ಕೈಗೆ ಕೊಟ್ಟರು. ಜೊತೆಗೆ ನಾಲ್ಕು ಎಳ್ಳುಂಡೆ. ಗಂಡನಿಗೆ ಇಷ್ಟವೆಂದು ಮಾಡಿದ್ದು. ಅಷ್ಟು ದೂರ ಬಂದು, ಆ ಕಲ್ಲನ್ನು ಒಮ್ಮೆ ಮುಟ್ಟದೆಯೇ ಬಸ್ಸು ಹತ್ತಿದರು. ಎಳ್ಳುಂಡೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಮೂರು ಇಳಿದವು. ನಾಲ್ಕನೆಯದನ್ನು ಅವನ ಮುಂದಿಟ್ಟೆ.

ಅಂದೇ ಮೆಣಸನ್ನು ಮನೆಗೆ ಹೊತ್ತು ಹಾರ ಹಾಕಿದೆ, ಮತ್ತೆ ಅಲ್ಲಿ ಒಂದು ಕಾಳೂ ಹಾಕಿಲ್ಲ. ಕಥೆ ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಆಗಸ್ಟ್ ಹದಿನೈದಕ್ಕೆ ಸರೋಜಮ್ಮ ಬಂದರು. ಎಂದೂ ಮೈಕಿನ ಹತ್ತಿರ ಸುಳಿಯದವರು ಅಂದು ತಾವಾಗಿಯೇ ಎದ್ದು ನಿಂತರು.

"ಯಾರದ್ದೋ ಮೆಣಸಿಗೋಸ್ಕರ ಮೇಷ್ಟ್ರು ಮಳೇಲಿ ನೆನೆದ್ಕೊಂಡು ಟಾರ್ಪಾಲು ಹಿಡಿದು ನಿಂತ್ರು. ಇಂಥೋರ ಪಾಠ ಕೇಳಿದ್ದಕ್ಕೇ ನಮ್ಮೋರು ಹಾಗಿದ್ರು, ಇನ್ನೊಬ್ರಿಗೋಸ್ಕರ ಪ್ರಾಣ ಕೊಟ್ರು," ಎಂದರು. ಹಾಗೆಂದು ನನ್ನನ್ನು ಕಟ್ಟೆಯ ಮೇಲೆ ಕರೆದು ಶಾಲು ಹೊದಿಸಿದರು.

ಮೆಣಸು ಯಾರದ್ದೆಂದು ಎದುರಿಗಿದ್ದ ಅಷ್ಟೂ ಜನಕ್ಕೆ ಗೊತ್ತು. ಒಬ್ಬರೂ ನಗಲಿಲ್ಲ. ಶಿವಣ್ಣ ಕೂಡ ತನ್ನ ಚಪ್ಪಲಿಯನ್ನೇ ನೋಡುತ್ತ ಚಪ್ಪಾಳೆ ತಟ್ಟಿದ. ಆಕೆಯ ಮನಸ್ಸು ನೋಯಬಾರದೆಂದು ಇಡೀ ಊರು ನನಗೋಸ್ಕರ ಸುಳ್ಳು ಹೇಳುತ್ತಿತ್ತು. ನಿವೃತ್ತಿಯ ದಿನವೂ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಮನೆಗೆ ಬಂದು ಶಾಲನ್ನು ಬೀರುವಿನಲ್ಲಿಡಲು ಹೋದರೆ ಹೆಂಡತಿ ಬಿಡಲಿಲ್ಲ. "ಅದು ಮೆಣಸಿಗೆ ಸಿಕ್ಕಿದ್ದು, ಮೆಣಸಿನ ಮೂಟೆಗೇ ಹೊದಿಸಿ," ಎಂದಳು. ಸರೋಜಮ್ಮನಿಗೆ ಕಾಗದ ಬರೆದು ಎಲ್ಲ ಹೇಳಿಬಿಡಬೇಕೆಂದು ಮೂರು ಸಲ ಕುಳಿತೆ, ಮೂರು ಸಲವೂ ಕ್ಷೇಮ ಸಮಾಚಾರದ ಆಚೆ ಪೆನ್ನು ಹೋಗಲಿಲ್ಲ. ಕೊನೆಗೆ ನಿಮ್ಮ ಮುಂದೆ ಒಪ್ಪಿಕೊಂಡಿದ್ದೇನೆ. ಧೈರ್ಯ ಬಂತೆಂದು ತಿಳಿಯಬೇಡಿ. ಸರೋಜಮ್ಮನ ಮನೆಗೆ ಈ ಪತ್ರಿಕೆ ಹೋಗುವುದಿಲ್ಲವೆಂದು ಅವರ ತಂಗಿಯ ಹತ್ತಿರ ಎರಡು ಸಲ ವಿಚಾರಿಸಿದ ಮೇಲೆಯೇ ನಾನು ಬರೆಯಲು ಕೂತದ್ದು.