ನೀಲಿ ಗಾಜಿನ ಓಲೆಗಾಗಿ ನಡೆದ ಸಮರ

ಬಿಸಿಲಿಗೆ ಕಾದ ದೋಣಿಯ ಮೈಯಿಂದೇಳುವ ಗೇರೆಣ್ಣೆಯ ವಾಸನೆಯೇ, ನಾನು ಲಂಗ ತೊಡುತ್ತಿದ್ದ ಕಾಲದಲ್ಲಿ ಮೂಗನ್ನು ಹೊಕ್ಕು ಇಂದಿಗೂ ಹೊರಡದವಳೇ, ನನ್ನ ವಾಗ್ದೇವಿ ನೀನೇ ಆಗು. ಬಾಟಲಿಗಳೆಲ್ಲ ಪ್ಲಾಸ್ಟಿಕ್ಕಾಗಿಹೋದ ಈ ಕಲಿಯುಗದಲ್ಲೂ ಹಳೆಯ ಗಾಜಿನ ಚೂರುಗಳನ್ನು ವರ್ಷಗಟ್ಟಲೆ ಮರಳಲ್ಲಿ ಉಜ್ಜಿ, ಮಂಜು ಕವಿದ ಮಣಿಗಳಾಗಿಸಿ ದಡಕ್ಕೆಸೆಯುವ ಕಡಲರಸನ ತೀರದಲ್ಲಿ, ಗಾಜುರತ್ನಪರೀಕ್ಷಾಪ್ರವೀಣೆಯೂ ರಜತತಂತುವಕ್ರೀಕರಣಧುರಂಧರೆಯೂ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿಯೂ ಆದ ಶಾಂತೇರಿಯಮ್ಮನು ಹೂಡಿದ ಯುದ್ಧವನ್ನು ಹೇಳಲು ನನಗೆ ಉಸಿರು ಕೊಡು.

ಯುದ್ಧದ ಕಾರಣವನ್ನು ಕೇಳುವಂಥವರಾಗಿ. ಬಚ್ಚಲಲ್ಲಿ ಜಾರಿ ಶಾಂತೇರಿಯಮ್ಮನ ಬಲಗೈ ಮಣಿಕಟ್ಟು ಮುರಿದಿತ್ತು. ವಿಜಯಪುರದ ಕಡೆಯ ನರ್ಸ್ ಶಿವಲೀಲಾ ಎಂಟು ವಾರ ದಿನವೂ ಬಂದು, ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ, ಒಮ್ಮೆಯೂ ಗಡಿಯಾರ ನೋಡದೆ ಆ ಕೈಗೆ ಜೀವ ತಂದಿದ್ದಳು. ಈಗ ಅವಳಿಗೆ ವರ್ಗವಾಗಿತ್ತು, ಅಂದು ಮೂರು ಗಂಟೆಗೆ ಬಸ್ಸು. ಅದೇ ಕೈಯಿಂದ ಮಾಡಿದ ಒಂದು ಜೊತೆ ಓಲೆಯನ್ನು ಅವಳಿಗೆ ಕೊಡದಿದ್ದರೆ ತಾನು ತಾನಲ್ಲವೆಂದು ಶಾಂತೇರಿಯಮ್ಮ ಪಣ ತೊಟ್ಟಿದ್ದರು. ಒಂದು ಓಲೆ ಸಿದ್ಧವಿತ್ತು. ಇನ್ನೊಂದಕ್ಕೆ ಬೇಕಾದ ನೀಲಿ ಗಾಜು ಸಿಕ್ಕಿದ್ದು ಅಂದು ಬೆಳಿಗ್ಗೆಯೇ. ಆದರೆ ಸಿಕ್ಕಿದ್ದು ನೆರೆಮನೆಯ ಸೆವ್ರಿನ್‌ಬಾಯಿಗೆ.

ಆ ತೀರಸಂಚಾರಿಣಿ ಅದನ್ನು ಕೊಡಲೊಪ್ಪಲಿಲ್ಲ. ಗಾಜಿನ ಒಂದು ಅಂಚು ಇನ್ನೂ ಮಿರುಗುತ್ತಿತ್ತು. ಅಂಚು ಮಾಗದ ಗಾಜನ್ನು ಕಡಲಿಗೇ ಹಿಂತಿರುಗಿಸತಕ್ಕದ್ದೆಂಬುದು ಅವರಿಬ್ಬರ ಶಾಸನ. ಅದನ್ನು ರಚಿಸಿದವರು ಶಾಂತೇರಿಯಮ್ಮ. ಅದರ ಬಲದಿಂದಲೇ ನಾಲ್ಕು ವರ್ಷಗಳಲ್ಲಿ ಸೆವ್ರಿನ್‌ಬಾಯಿಯ ಹದಿನೇಳು ಗಾಜುಗಳನ್ನು ನೀರಿಗೆಸೆದವರೂ ಅವರೇ.

“ನನ್ನ ಹಸಿರು ತುಂಡು ನೆನಪುಂಟಾ ಶಾಂತೇರಿಬಾಯಿ? ಕೆನ್ನೆಗೆ ಉಜ್ಜಿ, ಇದಿನ್ನೂ ಕಾಯಿ ಅಂತ ಬಿಸಾಡಿದ್ದು ಯಾರು? ಇದೂ ಕಾಯಿಯೇ. ಹತ್ತು ವರ್ಷ ಬಿಟ್ಟು ಬನ್ನಿ.”

ಆಗ ಶಾಂತೇರಿಯಮ್ಮನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನು ನಾಲ್ಕು ಸಾವಿರ ಹುಡುಗಿಯರ ಆಸಿಡ್ಡಿನ ಭಯ ಬಿಡಿಸಿದವಳೆಂದೂ, ಪ್ರಿನ್ಸಿಪಾಲರನ್ನೇ ಪ್ರಯೋಗಶಾಲೆಯಿಂದ ಹೊರಗೆ ನಿಲ್ಲಿಸಿದವಳೆಂದೂ ಗರ್ಜಿಸಿ, ಅಂಚು ಉಜ್ಜುವ ಅರದಲ್ಲಿ ಎರಡು ಸಲ ಎಳೆದರೆ ಕಾಯಿ ಹಣ್ಣಾಗುವುದೆಂದರು.

“ಅರ ತಾಗಿದರೆ ಅದು ಕಡಲಿನದ್ದಲ್ಲ, ಬಾಟಲಿಯದ್ದು” ಎಂದು ಸೆವ್ರಿನ್‌ಬಾಯಿ ಗಾಜನ್ನು ಎಸೆಯಲು ಕೈಯೆತ್ತಿದರು.

ಅದನ್ನು ತಡೆಯಲು ಶಾಂತೇರಿಯಮ್ಮ ಚಾಚಿದ್ದು ಬಲಗೈಯನ್ನು. ಆ ಕೈ ನಡುಗುತ್ತಿತ್ತು. ಅದನ್ನು ನೋಡಿದ ಸೆವ್ರಿನ್‌ಬಾಯಿ ಎತ್ತಿದ ಕೈಯನ್ನು ಇಳಿಸಿದರು. ಶಾಂತೇರಿಯಮ್ಮನ ಮನೆಗೆ ನಡೆದು, ತಾವೇ ಅಂಚನ್ನು ಅರದಲ್ಲಿ ಉಜ್ಜಿ, ಗಾಜನ್ನು ನೀರು ತುಂಬಿದ ತಟ್ಟೆಯಲ್ಲಿ ಮುಳುಗಿಸಿ, ಎರಡು ಹೆಬ್ಬೆರಳುಗಳಿಂದ ಒತ್ತಿ ಹಿಡಿದರು.

ಬಳಿಕ ಶಾಂತೇರಿಯಮ್ಮನ ಬಲಗೈಯಲ್ಲಿದ್ದ ಬೆರಳುದ್ದದ ಬ್ಯಾಟರಿ ಡ್ರಿಲ್ಲೆಂಬ ದಿವ್ಯಾಸ್ತ್ರವು ಗುಂಯ್ಗುಟ್ಟುತ್ತ ಆ ಕ್ಷೀರಸಾಗರಕ್ಕಿಳಿಯಿತು. ನೀರು ಬೆಳ್ಳಗಾಯಿತು. ಊಟದ ಹೊತ್ತು ಮೀರಿತು. ನಲವತ್ತು ನಿಮಿಷಗಳ ಬಳಿಕ ಸಾಸಿವೆಯಷ್ಟು ತೂತು ಬಿದ್ದಾಗ ದೇವತೆಗಳು ಹೂಮಳೆ ಸುರಿಸಬೇಕಿತ್ತು, ಕರೆಂಟು ಹೋಯಿತು.

ಬೆಳ್ಳಿ ಕೊಕ್ಕೆ ಸೇರಿಸುವ ಹೊತ್ತಿಗೆ ಶಿವಲೀಲಾ ಚೀಲ ಹೊತ್ತು ಬಂದಳು. ಓಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೂದಲು ಸರಿಸಿ ತೋರಿಸಿದಳು.

“ಕಿವಿ ತೂತು ಮುಚ್ಚಿ ಭಾಳ ವರ್ಷ ಆತ್ರಿ ಅಮ್ಮಾರ. ಆಪರೇಷನ್ ವಾರ್ಡಿನಾಗ ಹಾಕ್ಕೊಳ್ಳಾಕ ಬಿಡಂಗಿಲ್ಲಲ್ರೀ.”

ಎಂಟು ವಾರ ಅವಳೆದುರು ಕೂತಿದ್ದ ವೀರಾಗ್ರಣಿಗಳಿಬ್ಬರೂ ಅವಳ ಕಿವಿಯನ್ನು ನೋಡಿರಲಿಲ್ಲ.

ಅವಳ ಚೀಲದ ಎರಡು ಜಿಪ್ಪುಗಳ ಹಿಡಿಕೆಯೂ ಮುರಿದಿತ್ತು. ಓಲೆಯ ಕೊಕ್ಕೆಗಳನ್ನು ಅಲ್ಲಿಗೆ ಸಿಕ್ಕಿಸಿ ಎಳೆದಳು. ಜಿಪ್ಪು ಸರಾಗವಾಗಿ ಬಂತು. “ಚಲೋ ಆತು” ಅಂದಳು, ನಿಜವಾಗಿಯೇ ಸಂತೋಷಪಟ್ಟು.

ಆಮೇಲೆ ಅಡುಗೆಮನೆಗೆ ಹೋಗಿ, ಮುಚ್ಚಿಟ್ಟ ಹಾಗೆಯೇ ಇದ್ದ ಗಂಜಿಯನ್ನು ಎರಡು ಬಟ್ಟಲುಗಳಿಗೆ ಬಡಿಸಿ ತಂದಳು. ಒಂದನ್ನು ಸೆವ್ರಿನ್‌ಬಾಯಿಯ ಮುಂದಿಟ್ಟಳು. ಇನ್ನೊಂದನ್ನು ಶಾಂತೇರಿಯಮ್ಮನ ಬಲಗೈಗೇ ಕೊಟ್ಟು, ಅದು ನಡುಗದೆ ನಿಲ್ಲುವವರೆಗೆ ಕೆಳಗೆ ತನ್ನ ಅಂಗೈ ಹಿಡಿದಿದ್ದಳು.