ಹತ್ತೊಂಬತ್ತು ವರ್ಷ ಮಲಗಿದ್ದ ಬಾಟಲಿ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದು ಒದ್ದೆ ಬಟ್ಟೆ.

ವೈನ್ ಕಾರ್ಖಾನೆಯ ನೆಲಮಾಳಿಗೆ ನೋಡಿಕೊಳ್ಳುವ ಪಾತಾಳಣ್ಣ ಬೆಳಿಗ್ಗೆ ಒಂಬತ್ತೂವರೆಗೆ ಆ ಬಟ್ಟೆಯಿಂದ ಒಂದು ಬಾಟಲಿಯ ಧೂಳು ಒರೆಸಿದರು. ಧೂಳಿನ ಜೊತೆಗೆ ಲೇಬಲ್ಲೂ ಕೈಗೆ ಬಂತು. ಅವರ ಅಸಲು ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ದಿನವಿಡೀ ನೆಲದ ಕೆಳಗಿರುವ ಮನುಷ್ಯನಿಗೆ ಬೇರೇನು ಹೆಸರಿಡುತ್ತಾರೆ?

ಬಾಟಲಿ ಸಾಮಾನ್ಯದ್ದಲ್ಲ. ಹತ್ತೊಂಬತ್ತು ವರ್ಷದ ಕೆಂಪು ವೈನು. ಕೆಲಸಕ್ಕೆ ಸೇರಿದ ವರ್ಷ ಪಾತಾಳಣ್ಣನೇ ಕೈಯಾರೆ ಮಲಗಿಸಿದ ಮಾಲು. ಬಾಟಲಿ ಮಲಗಿದ್ದರೆ ಬಿರಡೆ ಒದ್ದೆಯಾಗಿರುತ್ತದೆ, ಗಾಳಿ ಒಳಗೆ ನುಗ್ಗುವುದಿಲ್ಲ. ಒಳಗಿನ ಒಗರು ಒಂದೊಂದೇ ವರ್ಷಕ್ಕೆ ಕರಗಿ, ಗಸಿಯಾಗಿ ಅಡಿಯಲ್ಲಿ ಕೂರುತ್ತದೆ. ಇಂಥ ಮುನ್ನೂರು ಬಾಟಲಿ ಕೆಳಗೆ ಬೀಗದೊಳಗಿದ್ದವು, ಬೀಗದ ಕೈ ಯಜಮಾನರ ಜೇಬಿನಲ್ಲಿತ್ತು. ಪರೀಕ್ಷೆಗೆಂದು ಅವರು ತೆಗೆದುಕೊಟ್ಟಿದ್ದು ಇದೊಂದೇ. ಹನ್ನೊಂದಕ್ಕೆ ದೊಡ್ಡ ಪರೀಕ್ಷಕರು ಬಂದು ರುಚಿ ನೋಡುವವರಿದ್ದರು.

"ಕುಡಿಯೋ ಹದಕ್ಕೆ ಬಂದಿದೆ ಅಂದ್ರೆ ಮುನ್ನೂರೂ ಮಾರಿಬಿಡೋಣ," ಎಂದು ಯಜಮಾನರು ಹಿಂದಿನ ದಿನವೇ ಹೇಳಿದ್ದರು. "ಆಮೇಲೆ ಕೆಳಗೆ ನಿಮಗೇನು ಕೆಲಸ? ಮೇಲೆ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ನಿಮ್ದೇ. ಕೆಟ್ಟಿದೆ ಅಂದ್ರೆ ಮಾತ್ರ, ನೀವು ಬೇರೆ ಕಡೆ ಕೆಲಸ ಹುಡುಕ್ಕೊಳ್ಳಿ."

ಕಿಟಕಿ ಪಕ್ಕದ ಮೇಜು! ಪಾತಾಳಣ್ಣನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು ಇಳಿದು, ಸದಾ ತಣ್ಣಗಿರುವ ಆ ಕೋಣೆಯಲ್ಲಿ ಒಂಟಿ ಬಲ್ಬಿನ ಕೆಳಗೆ ಹತ್ತೊಂಬತ್ತು ವರ್ಷ ಸವೆಸಿ, ಅವರ ಮಂಡಿಗಳು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಈಗ ನೋಡಿದರೆ ಆ ಮೇಜು ಲೇಬಲ್ಲಿನ ಜೊತೆಗೇ ಕಿತ್ತು ಬರುವ ಹಾಗಿತ್ತು.

ಬಾಟಲಿಗಳಿಗೆ ಚೀಟಿ ಅಂಟಿಸುವ ವಿಭಾಗದ ಲೇಬಲ್ ಅಕ್ಕನ ಬಳಿಗೆ ಓಡಿದರು.

"ಅಯ್ಯೋ ಇಷ್ಟೇನಾ ಅಣ್ಣ? ಕೊಡಿ ಇಲ್ಲಿ," ಎಂದು ಅಕ್ಕ ಗೋಂದು ಬಳಿದು, ಒತ್ತಿ, ಸವರಿ, ಬಾಟಲಿಯನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟಳು. "ನೋಡಿ, ಹೇಗಿದೆ!"

"ಚೆನ್ನಾಗಿದೆ ಕಣಮ್ಮ. ಆದ್ರೆ ತಲೆಕೆಳಗಾಗಿದೆ."

ಮತ್ತೆ ಕೀಳುವಷ್ಟರಲ್ಲಿ ಲಾರಿ ಡ್ರೈವರ್ ಒಳಗೆ ಬಂದ. ಎಲ್ಲಿ ಮೂರು ಜನ ತಲೆ ಕೆಡಿಸಿಕೊಂಡಿದ್ದಾರೋ ಅಲ್ಲಿ ನಾಲ್ಕನೆಯವನಾಗಿ ನಿಲ್ಲದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಇಲ್ಲಿ ಇಬ್ಬರೇ ಇದ್ದದ್ದು ಅವನ ಉತ್ಸಾಹವನ್ನು ಕುಗ್ಗಿಸಲಿಲ್ಲ. ಬಾಟಲಿ ಎತ್ತಿ ಬೆಳಕಿಗೆ ಹಿಡಿದ.

"ಅಣ್ಣ, ತಳದಲ್ಲಿ ಏನೋ ಕೆಸರು ಕೂತಿದೆಯಲ್ಲ!"

"ಅದು ಗಸಿ ಮಾರಾಯ, ಇರಬೇಕು. ಇಡು ಕೆಳಗೆ. ಮೆಲ್ಲಗೆ..."

"ಪರೀಕ್ಷಕರು ನೋಡಿದ್ರೆ ಏನಂದ್ಕೋತಾರೆ? ಔಷಧಿ ಬಾಟಲಿ ಮೇಲೆ ಬರ್ದಿರಲ್ವಾ, ಚೆನ್ನಾಗಿ ಅಲುಗಾಡಿಸಿ ಕುಡೀರಿ ಅಂತ?" ಎಂದವನೇ ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲುಗಾಡಿಸಿಬಿಟ್ಟ.

ಪಾತಾಳಣ್ಣ ಅವನ ಕೈಯಿಂದ ಬಾಟಲಿ ಕಿತ್ತುಕೊಂಡರು. ಹತ್ತೊಂಬತ್ತು ವರ್ಷ ಉಸಿರು ಬಿಗಿಹಿಡಿದು ಕಾದದ್ದು ನಾಲ್ಕು ಸೆಕೆಂಡಿನಲ್ಲಿ ಚರಂಡಿ ನೀರಿನಂತೆ ಕಲಕಿಹೋಗಿತ್ತು. ಅದು ಮತ್ತೆ ತಿಳಿಯಾಗಲು ಒಂದು ಪೂರ್ತಿ ದಿನವಾದರೂ ಬೇಕು. ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು.

"ಇನ್ನೊಂದು ಬಾಟಲಿ ಕೇಳಿ ಅಣ್ಣ," ಎಂದಳು ಅಕ್ಕ.

"ಏನಂತ ಕೇಳಲಿ? ಡ್ರೈವರ್ ಔಷಧಿ ಮಾಡ್ಬಿಟ್ಟ ಅಂತ್ಲಾ?"

"ಸೋಸಿಬಿಡೋಣ," ಎಂದ ಡ್ರೈವರ್. ತಪ್ಪು ಮಾಡಿದವನ ದನಿ ಅದಾಗಿರಲಿಲ್ಲ, ಉಪಾಯ ಕೊಟ್ಟವನದಾಗಿತ್ತು.

ಬೇರೆ ದಾರಿ ಇರಲಿಲ್ಲ. ಬಿರಡೆ ತೆಗೆದರು. ಚಹಾ ಜರಡಿಯಲ್ಲಿ ಸೋಸಿದರು. ಗಸಿ ಒಂದು ಚೂರೂ ನಿಲ್ಲದೆ ಸಲೀಸಾಗಿ ಇಳಿದುಹೋಯಿತು. ಇಷ್ಟು ಹಳೇ ವೈನು ಗಾಳಿಗೆ ಬಿದ್ದರೆ ಹೆಚ್ಚು ಹೊತ್ತು ತಾಳುವುದಿಲ್ಲ ಎಂದು ಪಾತಾಳಣ್ಣನಿಗೆ ಗೊತ್ತಿತ್ತು. "ಬಟ್ಟೆ! ತೆಳು ಬಟ್ಟೆ ಯಾರ ಹತ್ರ ಇದೆ?" ಎಂದು ಕೂಗುತ್ತ ತಾವೇ ಜೇಬಿನಿಂದ ಕರ್ಚೀಫು ಎಳೆದು, ನಾಲ್ಕು ಮಡಿಕೆ ಮಾಡಿ ಗಾಜಿನ ಹೂಜಿಯ ಬಾಯಿಗೆ ಹಿಡಿದರು. ತೊಟ್ಟು ತೊಟ್ಟಾಗಿ ವೈನು ಇಳಿಯಿತು. ಮೂವರೂ ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೂ ಹೂಜಿಯಲ್ಲಿ ತಿಳಿಯಾದ, ಮಾಣಿಕ್ಯದಂಥ ಕೆಂಪು ನಿಂತಿತು.

"ನಾನು ಹೇಳ್ಲಿಲ್ವಾ?" ಎಂದ ಡ್ರೈವರ್.

ಅಕ್ಕ ಮಾತ್ರ ಮೂಗು ಅರಳಿಸಿದಳು. "ಅಣ್ಣ, ಇದೇನು ವಾಸನೆ? ನೆಗಡಿ ಬಂದಾಗ ಹಚ್ಕೋತೀವಲ್ಲ, ಆ ಥರ..."

ಪಾತಾಳಣ್ಣ ಕರ್ಚೀಫು ಮೂಸಿದರು. ಬೆಳಿಗ್ಗೆ ಮಂಡಿಗೆ ನೋವಿನ ಮುಲಾಮು ತಿಕ್ಕಿ ಕೈ ಒರೆಸಿಕೊಂಡದ್ದು ಅದರಲ್ಲೇ. ನೀಲಗಿರಿ ಎಣ್ಣೆಯ ಮುಲಾಮು.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ಪರೀಕ್ಷಕರು ಸಣಕಲು ದೇಹದ, ಉದ್ದ ಮೂಗಿನ ಮುದುಕರು. ನಮಸ್ಕಾರಕ್ಕೂ ಪ್ರತಿಯಾಗಿ ಮೂಗನ್ನೇ ಅಲ್ಲಾಡಿಸಿದರು. ಜೊತೆಗೆ ಬಂದ ಯಜಮಾನರು ಹೂಜಿ ನೋಡಿ, "ಗಸಿ ಬಿಟ್ಟು ತಿಳಿ ತೆಗೆದಿಟ್ರಾ? ಭೇಷ್!" ಎಂದರು. ಪಾತಾಳಣ್ಣ ಗೋಡೆಗೆ ಒರಗಿ ನಿಂತರು.

ಪರೀಕ್ಷಕರು ಲೋಟವನ್ನು ಬಿಳಿ ಬಟ್ಟೆಯ ಮೇಲೆ ವಾಲಿಸಿ ಹಿಡಿದರು. "ಅಂಚಿನಲ್ಲಿ ಇಟ್ಟಿಗೆ ಬಣ್ಣ ಬಂದಿದೆ. ವಯಸ್ಸು ಸುಳ್ಳಲ್ಲ." ಆಮೇಲೆ ಮೂಗನ್ನು ಲೋಟದೊಳಕ್ಕೆ ಇಳಿಸಿದರು. ಅಲ್ಲೇ ನಿಂತರು. ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದರು. ಡ್ರೈವರ್ ಮೆಲ್ಲಗೆ ಬಾಗಿಲ ಕಡೆ ಸರಿದ.

"ಇದನ್ನ ಕಾಯ್ದವರು ಯಾರು?"

"ನಾ... ನಾನೇ ಸಾರ್."

ಪರೀಕ್ಷಕರು ಒಂದು ಗುಟುಕು ಬಾಯೊಳಗೆ ಹೊರಳಿಸಿ ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು.

"ನಲವತ್ತು ವರ್ಷದಲ್ಲಿ ನಾನು ಇಂಥದ್ದು ಕಂಡಿಲ್ಲ! ಬಣ್ಣ ಹತ್ತೊಂಬತ್ತು ಅನ್ನುತ್ತೆ, ಪರಿಮಳ ಈಗ ಕಿತ್ತ ಹಸೀ ಎಲೆ ಅನ್ನುತ್ತೆ. ನೀಲಗಿರಿ! ಏನು ತಾಜಾತನ!"

ಪಾತಾಳಣ್ಣನಿಗೆ ಕುಣಿಯಬೇಕೆನಿಸಿತು. ಮೇಜು, ಬಿಸಿಲು, ಕಿಟಕಿಯಾಚೆಯ ಬೀದಿ ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಹಾಗಾದ್ರೆ ಮಾರಬಹುದಲ್ಲ?" ಎಂದರು ಯಜಮಾನರು.

"ಮಾರೋದಾ? ಹುಚ್ಚೇನ್ರೀ ನಿಮಗೆ? ಇಷ್ಟು ಜೀವ ಇರೋ ವೈನು ಇನ್ನೂ ಹತ್ತು ವರ್ಷ ಮಲಗಬೇಕು. ಆಮೇಲೆ ಇದಕ್ಕೆ ಬೆಲೆ ಕಟ್ಟೋಕೇ ಆಗಲ್ಲ. ಈ ಪರಿಮಳ ಬರೀ ದ್ರಾಕ್ಷಿಯದ್ದಲ್ಲ, ಜಾಗದ್ದು, ಕಾಯ್ದವರದ್ದು. ಜಾಗ ಬದಲಿಸಬೇಡಿ. ಇವರನ್ನಂತೂ ಬದಲಿಸಲೇಬೇಡಿ."

ಯಜಮಾನರು ಓಡಿಬಂದು ಪಾತಾಳಣ್ಣನ ಕೈ ಹಿಡಿದರು. "ಕೇಳಿದ್ರಾ? ಇಂಥವರನ್ನ ನಾನು ಮೇಲೆ ಕೂರಿಸೋಕೆ ಹೊರಟಿದ್ದೆನಲ್ಲ! ನಿಮ್ಮ ಸರ್ವೀಸೂ ಸರಿಯಾಗಿ ಹತ್ತು ವರ್ಷ ಉಳಿದಿದೆ."

"ಸಾರ್, ಆ ಪರಿಮಳ..." ಎಂದರು ಪಾತಾಳಣ್ಣ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮಂಡಿ ಹೋಗುತ್ತದೆ. ಕರ್ಚೀಫನ್ನು ಜೇಬಿನ ಆಳಕ್ಕೆ ತುರುಕಿಕೊಂಡರು.

"ಗೊತ್ತು, ಗೊತ್ತು. ಆ ಮೇಜಿನ ಆಸೆ ತಾನೆ? ಕೊಟ್ಟ ಮಾತು ತಪ್ಪೋನಲ್ಲ ನಾನು," ಎಂದು ಯಜಮಾನರು ಡ್ರೈವರ್ ಕಡೆ ತಿರುಗಿದರು. "ಲೋ, ಕಿಟಕಿ ಪಕ್ಕದ ಮೇಜನ್ನ ಈಗಲೇ ಇವರ ಹತ್ರ ಕೆಳಗೆ ಇಳಿಸು."

ಮೇಜು ಭಾರವಾಗಿತ್ತು, ಒಬ್ಬನ ಕೈಲಿ ಆಗುವಂಥದ್ದಾಗಿರಲಿಲ್ಲ. ಮೇಲಿನ ತುದಿಯನ್ನು ಡ್ರೈವರ್ ಹಿಡಿದ, ಕೆಳಗಿನ ತುದಿಯನ್ನು ಪಾತಾಳಣ್ಣ ಹಿಡಿದು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದರು.