ದಿಲ್ಲಿಗೆ ಗೊತ್ತಾದ ಹೆಡ್‌ಮಾಸ್ತರರು

ಪಗಾರದ ಮೇಲೆ ಬದುಕುವವರ ನಡುವೆ ಇಂಥದ್ದು ಒಂದಿಲ್ಲೊಂದು ನಡೆದೇ ಇರುತ್ತದೆ. ನಾನು ಬಿ.ಎಸ್ಸಿ. ಮುಗಿಸಿ ಶಹಾಪುರದ ಹೈಸ್ಕೂಲಿಗೆ ಮಾಸ್ತರನಾಗಿ ಸೇರಿದಾಗ ನಿಜಾಮರ ಆಳ್ವಿಕೆ ಹೋಗಿ ದಿಲ್ಲಿಯ ಕಾಯ್ದೆಗಳು ಬಂದ ಹೊಸತು. ಆದಾಯ ತೆರಿಗೆಯೂ ಅವುಗಳಲ್ಲೊಂದು. ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂದು ಅದರಲ್ಲೊಂದು ಗೆರೆ ಇತ್ತು. ಜೋಳದ ಧಾರಣೆ ಏರಿತು, ಬಟ್ಟೆಯದು ಏರಿತು. ಗೆರೆ ಮಾತ್ರ ಇದ್ದಲ್ಲೇ ಇತ್ತು. ಎಲ್ಲ ತುಟ್ಟಿಯಾಯಿತೆಂದು ಸರ್ಕಾರ ನಮ್ಮ ಹೆಡ್‌ಮಾಸ್ತರರಿಗೆ ತುಟ್ಟಿಭತ್ಯೆ ಕೊಟ್ಟಿತು. ಆ ಭತ್ಯೆ ಕೂಡಿದ್ದೇ ತಡ, ಅವರು ಗೆರೆ ದಾಟಿದರು. ನೋಟೀಸು ಬಂತು.

ಅವರ ಮನೆಯಲ್ಲಿ ಹನ್ನೊಂದು ಮಂದಿ, ಪಗಾರ ಒಂದೇ. ತಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೈದರಾಬಾದಿನಲ್ಲಿ ಆಪರೇಷನ್ ಮಾಡಿಸಲು ಕೂಡಿಟ್ಟದ್ದೂ ತೆರಿಗೆಯವರು ಕೇಳಿದ್ದೂ ಹೆಚ್ಚುಕಡಿಮೆ ಒಂದೇ ಮೊತ್ತ.

೧. ಕುರ್ಚಿ

ಸುದ್ದಿ ಊರಿಗೆಲ್ಲ ಹಬ್ಬಿತು. ಮರುದಿನ ಹೆಡ್‌ಮಾಸ್ತರರೂ ನಾನೂ ಶೇಂಗಾ ವ್ಯಾಪಾರಿಯೊಬ್ಬರ ಅಂಗಡಿ ಮುಂದೆ ಹೋಗುತ್ತಿದ್ದೆವು. ವ್ಯಾಪಾರಿ ಗಾದಿ ಬಿಟ್ಟು ಎದ್ದುಬಂದು ಕುರ್ಚಿ ಹಾಕಿಸಿದರು.

“ಬರ್ರಿ ಸಾಹೇಬ್ರ, ಕುಂದರ್ರಿ. ದಿಲ್ಲಿಯವರಿಗೆ ನಿಮ್ಮ ಹೆಸರು ಗೊತ್ತಾಗ್ಯದಂತಲ್ಲ?”

“ತೆರಿಗಿ ಕಟ್ಟು ಅಂದಾರ್ರಿ. ನಿಮಗ ನೋಟೀಸ್ ಬಂದಿಲ್ಲೇನು?”

ವ್ಯಾಪಾರಿ ಹೊರಗೆ ನಿಂತ ತಮ್ಮ ಎರಡು ಲಾರಿಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

“ನಮ್ಮಂಥ ಬಡವರನ್ನ ಯಾರು ಕೇಳ್ತಾರ್ರಿ?”

೨. ಗೋಗಿಯ ಅಳಿಯ

ಹತ್ತಿರದ ಗೋಗಿ ಊರಿನಿಂದ ಹೆಡ್‌ಮಾಸ್ತರರ ದೂರದ ಸಂಬಂಧದ ಅಳಿಯನೊಬ್ಬ ಬಂದ. ಕುರಿ ಕೊಳ್ಳಲು ಸಾಲ ಬೇಕಿತ್ತು. ಕೈ ಖಾಲಿ ಎಂದು ಹೆಡ್‌ಮಾಸ್ತರರು ಎಷ್ಟು ಹೇಳಿದರೂ ನಂಬಲಿಲ್ಲ. ಕಡೆಗೆ ಪುರಾವೆ ಎಂದು ನೋಟೀಸನ್ನೇ ತೋರಿಸಿದರು. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

“ಮಾಮಾ, ಗುರ್ತಿಲ್ಲದ ಸರ್ಕಾರಕ್ಕ ಇಷ್ಟು ಕೊಡೋರು, ಬಳಗದಾಂವಗ ಇದರಾಗ ಅರ್ಧ ಕೊಡೂದು ದೊಡ್ಡದೇನ್ರಿ?”

೩. ವಿನಂತಿ

ಶಾಲಾ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದಾಗ ಹೆಡ್‌ಮಾಸ್ತರರು ಕೈಮುಗಿದರು.

“ಸಾಹೇಬ್ರ, ಗೆರಿ ಒಳಗ ಇರೂ ಹಾಂಗ ನನ್ನ ಪಗಾರ ಒಂದೀಟು ಕಡಿಮಿ ಮಾಡ್ರಿ.”

ಇನ್‌ಸ್ಪೆಕ್ಟರ್ ಬೆರಗಾಗಿ ನೋಡಿದರು. ಪಗಾರ ಕಡಿಮೆ ಮಾಡೆಂದ ಮನುಷ್ಯನನ್ನು ಅವರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಹೆಡ್‌ಮಾಸ್ತರರ ಕೈ ಕುಲುಕಿ ಹೋದರು. ಸ್ವಲ್ಪ ದಿನಕ್ಕೆ ಆದೇಶ ಬಂತು: ಇಂಥ ನಿಸ್ವಾರ್ಥ ಸೇವೆ ಮೆಚ್ಚಿ ಒಂದು ವಿಶೇಷ ಇನ್‌ಕ್ರಿಮೆಂಟ್.

ಕೆಳಗೆ ಬೀಳಲೆಂದು ಬಿಟ್ಟ ಕಲ್ಲು ಮೇಲಕ್ಕೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

೪. ಎಣಿಕೆ

ಕಡೆಗೆ ತೆರಿಗೆಯ ಸಾಹೇಬರೇ ಸುರಪುರದ ಸರ್ಕಾರಿ ಬಂಗ್ಲೆಯಲ್ಲಿ ಕ್ಯಾಂಪ್ ಹಾಕಿದರು. ಮನೆಮಂದಿಯನ್ನು ಕಣ್ಣಾರೆ ಕಂಡರೆ ಸಾಹೇಬರು ಗೆರೆಯನ್ನು ತುಸು ಸರಿಸಿಯಾರು ಎಂಬುದು ಹೆಡ್‌ಮಾಸ್ತರರ ಎಣಿಕೆ. ಎಲ್ಲರನ್ನೂ ಬಸ್ಸಿಗೆ ಹತ್ತಿಸಿದರು. ಮುದುಕಿ ತಾಯಿಯ ಕೈಹಿಡಿಯಲು ನನ್ನನ್ನೂ ಕರೆದೊಯ್ದರು. ಬಂಗ್ಲೆಯ ಪಡಸಾಲೆ ತುಂಬಿತು.

“ಇವರೆಲ್ಲ ಯಾರ್ರಿ?” ಎಂದರು ಸಾಹೇಬರು.

“ಇದೇ ನನ್ನ ಪಗಾರರಿ. ಎಣಿಸಿ ನೋಡ್ರಿ.”

ಸಾಹೇಬರು ನಗಲಿಲ್ಲ. “ಮಾಸ್ತರ್ರ, ಕಾಯ್ದೆ ರೂಪಾಯಿ ಎಣಿಸತದ, ಬಾಯಿ ಎಣಿಸೂದಿಲ್ಲ. ನೀವು ಒಬ್ಬರೇ ಇದ್ರೂ ಅದೇ ಗೆರಿ, ಊರೇ ಇದ್ರೂ ಅದೇ ಗೆರಿ.”

ನಾನು ದಂಗಾದೆ. ಅಂಥ ಸಮದೃಷ್ಟಿ ಇರುವುದು ಬಿಸಿಲಿಗೆ ಮಾತ್ರ ಎಂದು ತಿಳಿದಿದ್ದೆ.

ಹೆಡ್‌ಮಾಸ್ತರರು ತಾಯಿಯ ಕಣ್ಣಿನ ಮಾತು ತೆಗೆದರು. ಸಾಹೇಬರು ಪೆನ್ನು ಕೆಳಗಿಟ್ಟರು.

“ಬಿಡೂ ಅಧಿಕಾರ ನನಗಿಲ್ಲ. ಕಂತು ಮಾಡಿಕೊಡೂ ಅಧಿಕಾರ ಅದ. ಮೊದಲ ಕಣ್ಣು ಮಾಡಿಸ್ರಿ, ತೆರಿಗಿ ನಿಧಾನಕ್ಕ ಕಟ್ರಿ.”

ಮುದುಕಿ ಆಶೀರ್ವಾದ ಮಾಡಲು ತಡವರಿಸುತ್ತ ಮುಂದೆ ಬಂದಳು. ಕೈಗೆ ಸಾಹೇಬರ ಕೋಟಿನ ಮೊಣಕೈ ಸಿಕ್ಕಿತು. ಅಲ್ಲಿ ತೇಪೆ ಇತ್ತು. ಬೆರಳು ಅಲ್ಲೇ ನಿಂತವು.

“ಯಪ್ಪಾ, ನಿಂದೂ ಪಗಾರೇನು?”

“ಹೌದಬೇ ಯವ್ವ.”

“ನಿನಗೂ ತೆರಿಗಿ ಹಿಡೀತಾರ?”

“ಎಲ್ಲಾರಿಗಿಂತ ಮೊದಲ ನನಗ ಹಿಡೀತಾರ.”

“ಮನ್ಯಾಗ ಎಷ್ಟು ಮಂದಿ?”

“ಒಂಬತ್ತು.”

ಮುದುಕಿ ತೇಪೆಯನ್ನು ಇನ್ನೊಮ್ಮೆ ಸವರಿ ಮಗನ ಕಡೆ ತಿರುಗಿದಳು.

“ತಮ್ಮಾ, ಈ ಸಾಹೇಬನ ಮಂದೀನೂ ಕರಸು. ಕಣ್ಣು ಬಂದ ಮ್ಯಾಲ ಎಲ್ಲಾರೂ ಕೂಡೇ ದಿಲ್ಲಿಗಿ ಹೋಗೂಣು. ಆ ಗೆರಿ ಕೊರದಾಂವನ ಮನ್ಯಾಗ ಎಷ್ಟು ಮಂದಿ ಅದಾರ, ನಾನೇ ಎಣಿಸಿ ಬರ್ತೀನಿ.”